ಉಕ್ಕಿನ ಮೈಮೇಲಿನ ನೀಲಿ

ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಉಕ್ಕಿನ ಪಟ್ಟಿಯೊಂದನ್ನು ಸಣ್ಣ ಉರಿಯ ಮೇಲೆ ಕಾಯಿಸುತ್ತಾ ಹೋಗಿ. ಅದು ಕೆಂಪಗೆ ಕಾಯುವುದಕ್ಕೆ ಬಹಳ ಮೊದಲೇ ಬಣ್ಣ ಬದಲಿಸತೊಡಗುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ ಬರುತ್ತದೆ. 280ರ ಹೊತ್ತಿಗೆ ನೇರಳೆ, 300ರ ಆಸುಪಾಸಿನಲ್ಲಿ ನೋಡಿದವರು ಕಣ್ಣು ಕೀಳದಂಥ ನೀಲಿ. ಯಾರೂ ಬಣ್ಣ ಬಳಿದಿಲ್ಲ. ಗಾಳಿಯ ಆಮ್ಲಜನಕ ಕಬ್ಬಿಣದ ಜೊತೆ ಸೇರಿ ಉಕ್ಕಿನ ಮೇಲೆ ಆಕ್ಸೈಡಿನ ತೆಳುಪೊರೆಯೊಂದನ್ನು ಕಟ್ಟಿದೆ, ಅಷ್ಟೇ. ಅದರ ದಪ್ಪ ಕೆಲವೇ ಹತ್ತು ನ್ಯಾನೊಮೀಟರ್. ಪೊರೆಯ ಮೇಲ್ಮೈಯಿಂದ ಮರಳಿದ ಬೆಳಕೂ ಪೊರೆಯನ್ನು ಹೊಕ್ಕು ತಳದ ಉಕ್ಕಿಗೆ ತಾಗಿ ಮರಳಿದ ಬೆಳಕೂ ಒಂದರೊಡನೊಂದು ಬೆರೆತಾಗ ಕೆಲವು ಬಣ್ಣಗಳು ಪರಸ್ಪರ ಅಳಿಸಿಹೋಗುತ್ತವೆ, ಉಳಿದವು ಕಣ್ಣಿಗೆ ಬೀಳುತ್ತವೆ. ಮಳೆ ಬಿದ್ದ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲು ಕಾಮನಬಿಲ್ಲು ಬಿಡಿಸುವುದೂ ಹೀಗೆಯೇ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿದ್ದ ಕೋಲ್ಟ್ ಕಾರ್ಖಾನೆಯ ಕೆಲಸಗಾರರಿಗೆ ಈ ಭೌತವಿಜ್ಞಾನದ ಲೆಕ್ಕ ಬೇಕಿರಲಿಲ್ಲ, ಕಣ್ಣಳತೆ ಸಾಕಿತ್ತು. 1873ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ 'ಸಿಂಗಲ್ ಆ್ಯಕ್ಷನ್ ಆರ್ಮಿ' ರಿವಾಲ್ವರಿನ ಸ್ಕ್ರೂಗಳಿಗೆ ಅವರು ಇದೇ ನೀಲಿಯನ್ನು ಕೊಟ್ಟರು. ನೂರೈವತ್ತು ವರ್ಷ ಕಳೆದ ಮೇಲೆ ಅಂಥದೊಂದು ರಿವಾಲ್ವರನ್ನು ಕೈಗೆತ್ತಿಕೊಂಡ ಸಂಗ್ರಾಹಕ ಮೊದಲು ಕೇಳುವುದು ಇದನ್ನೇ: ಈ ಬಣ್ಣ ಕಾರ್ಖಾನೆಯದೋ, ಆಮೇಲೆ ಯಾರಾದರೂ ಮಾಡಿಸಿದ್ದೋ? ಈ ಹಿಡಿ ಹುಟ್ಟಿನಿಂದ ಬಂದದ್ದೋ, ನಡುವೆ ಸೇರಿಕೊಂಡದ್ದೋ? ಉತ್ತರದ ಮೇಲೆ ಬೆಲೆ ಹಲವು ಪಟ್ಟು ಏರುತ್ತದೆ, ಇಳಿಯುತ್ತದೆ. ಆದರೆ ನನ್ನ ಆಸಕ್ತಿ ಬೆಲೆಯಲ್ಲಿಲ್ಲ. ಒಂದು ಹಳೆಯ ವಸ್ತು ಎಲ್ಲೆಲ್ಲಿ ಇತ್ತು, ಯಾರ ಕೈಯಲ್ಲಿ ಸವೆಯಿತು, ಯಾವ ಚೀಲದೊಳಗೆ ಉಜ್ಜಿಕೊಂಡಿತು ಎಂಬುದೆಲ್ಲ ಬರೆದಿರುವುದು ಆ ಪೊರೆಯಲ್ಲೇ. ಒಮ್ಮೆ ತಿಕ್ಕಿ ತೆಗೆದರೆ ಆ ಬರಹವನ್ನು ಯಾವ ಕುಶಲಕರ್ಮಿಯೂ ಮತ್ತೆ ಬರೆಯಲಾರ. ಹೊಸ ಹೊಳಪು ಎಷ್ಟೇ ಚೆಂದವಿದ್ದರೂ ಅದು ಹೊಸದೇ.

ಪರೀಕ್ಷೆಯ ಮೂಲಸೂತ್ರ ಒಂದೇ: ರಿವಾಲ್ವರಿನ ಎಲ್ಲ ಭಾಗಗಳ ವಯಸ್ಸು ಒಂದಕ್ಕೊಂದು ತಾಳೆಯಾಗಬೇಕು. ಲೋಹ ಸವೆದಿದ್ದರೆ ಹಿಡಿಯೂ ಸವೆದಿರಬೇಕು. ತೊಗಲ ಚೀಲಕ್ಕೆ ಉಜ್ಜುವ ನಳಿಕೆಯ ತುದಿ ಮತ್ತು ಸಿಲಿಂಡರಿನ ಅಂಚು ಬೆಳ್ಳಗಾಗಿರಬೇಕು, ಉಜ್ಜದ ಮೂಲೆಗಳಲ್ಲಿ ಬಣ್ಣ ಉಳಿದಿರಬೇಕು. (ಮುಟ್ಟುವ ಮೊದಲು ಸಿಲಿಂಡರಿನ ಎಲ್ಲ ಕೋಣೆಗಳೂ ಖಾಲಿ ಇವೆಯೆಂದು ನೋಡಿಕೊಳ್ಳುವುದು ಯಾವ ವಯಸ್ಸಿನ ಆಯುಧಕ್ಕೂ ತಪ್ಪದ ನಿಯಮ.)

ಕೋಲ್ಟ್ ರಿವಾಲ್ವರಿನ ಮೈಯಲ್ಲಿ ಅತಿ ಸುಂದರವಾದದ್ದು ಅದರ ಫ್ರೇಮಿನ ಬಣ್ಣ: ಬೂದು, ನೀಲಿ, ಕಂದು, ಹಳದಿ ಎಲ್ಲವೂ ಮೋಡಗಳ ಹಾಗೆ ಒಂದರೊಳಗೊಂದು ಕರಗಿರುತ್ತವೆ. ಇದನ್ನು ಅಲಂಕಾರಕ್ಕೆಂದು ಮಾಡಿದ್ದಲ್ಲ. ಆ ಕಾಲದ ಫ್ರೇಮು ಇಂಗಾಲ ಕಡಿಮೆಯಿರುವ ಮೆದು ಲೋಹದ್ದು. ಮೆದುವಾದ್ದರಿಂದ ಕೊರೆಯುವುದು ಸುಲಭ, ಆದರೆ ಬೇಗ ಸವೆಯುತ್ತದೆ. ಹಾಗಾಗಿ ಫ್ರೇಮುಗಳನ್ನು ಮೂಳೆಯ ಇದ್ದಿಲು ಮತ್ತು ಕಟ್ಟಿಗೆಯ ಇದ್ದಿಲು ತುಂಬಿದ ಪೆಟ್ಟಿಗೆಯಲ್ಲಿ ಹೂತು, 700 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಇದ್ದಿಲಿನ ಇಂಗಾಲ ಲೋಹದ ಚರ್ಮದೊಳಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಆಮೇಲೆ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಗಾಳಿಗುಳ್ಳೆ ಏಳುತ್ತಿರುವ ತಣ್ಣೀರಿಗೆ ಸುರಿದರೆ ಹೊರಚರ್ಮ ಗಾಜಿನಷ್ಟು ಗಟ್ಟಿ, ಒಳಗು ಮಾತ್ರ ಮೊದಲಿನಂತೆ ಮೆತ್ತಗೆ. ನೀರಿಗೆ ಬಿದ್ದ ಆ ಕ್ಷಣದಲ್ಲಿ ಎಲ್ಲೆಲ್ಲಿ ಎಷ್ಟು ಆಮ್ಲಜನಕ ಸಿಕ್ಕಿತೋ ಅಲ್ಲಲ್ಲಿ ಅಷ್ಟು ದಪ್ಪದ ಪೊರೆ ಕೂರುತ್ತದೆ. ಬಣ್ಣದ ಮೋಡಗಳು ಹುಟ್ಟುವುದು ಹೀಗೆ. ಗಟ್ಟಿತನಕ್ಕಾಗಿ ಮಾಡಿದ ಕೆಲಸದಲ್ಲಿ ಸೌಂದರ್ಯ ಪುಕ್ಕಟೆಯಾಗಿ ಸಿಕ್ಕಿತು.

ಈ ಮೋಡಗಳಿಗೆ ಗಡಿರೇಖೆ ಇರುವುದಿಲ್ಲ ಮತ್ತು ಅವು ಪಾರದರ್ಶಕ. ಬಣ್ಣದ ಅಡಿಯಲ್ಲಿ ಲೋಹದ ಹೊಳಪು ಕಾಣುತ್ತಲೇ ಇರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಬಂದ ಸಯನೈಡ್ ಲವಣದ ವಿಧಾನದಲ್ಲಿ ಮೋಡದ ಬದಲು ಹುಲಿಪಟ್ಟೆಯಂಥ ಗೆರೆಗಳು ಮೂಡುವುದು ಹೆಚ್ಚು. ಗ್ಯಾಸ್ ಬರ್ನರಿನ ಜ್ವಾಲೆ ಹಿಡಿದು ಬರಿಸಿದ ನಕಲಿಯಲ್ಲಿ ಬಣ್ಣದ ಸುತ್ತುಗಳು ಒಂದೇ ಕ್ರಮದಲ್ಲಿ ಪದೇ ಪದೇ ಬರುತ್ತವೆ: ಹಳದಿ, ನೇರಳೆ, ನೀಲಿ, ಮತ್ತೆ ಹಳದಿ. ಇನ್ನೂ ಮುಖ್ಯವಾದದ್ದು ಬಣ್ಣ ಎಲ್ಲಿ ಉಳಿದಿದೆ ಎಂಬ ಪ್ರಶ್ನೆ. ಬಿಸಿಲಿಗೆ, ಬೆವರಿಗೆ, ಉಜ್ಜಾಟಕ್ಕೆ ಮೈಯೊಡ್ಡಿದ ಕಡೆ ಅಸಲಿ ಬಣ್ಣ ಮಾಸಿ ಬೆಳ್ಳಿಬೂದಾಗುತ್ತದೆ. ಹ್ಯಾಮರಿನ ಪಕ್ಕದ ಸಂದು, ಸಿಲಿಂಡರಿನ ಹಿಂದಿನ ಗುರಾಣಿಯಂಥ ಭಾಗ, ಹಿಡಿಯ ಅಡಿಯ ಲೋಹ ಇಲ್ಲೆಲ್ಲ ಅದು ಹಾಗೆಯೇ ಕೂತಿರುತ್ತದೆ. ಅಂಗೈ ಸದಾ ತಾಗುವ ಜಾಗದಲ್ಲೂ ಬಣ್ಣ ನಿನ್ನೆ ಮೊನ್ನೆಯದರಂತೆ ಮಿರುಗುತ್ತಿದ್ದು, ಪಕ್ಕದಲ್ಲೇ ಅಕ್ಷರಗಳು ಸವೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಯಾವ ಭಾಗಕ್ಕೆ ಯಾವ ಬಣ್ಣ ಎಂಬುದೂ ಗೊತ್ತಿರಬೇಕು. ಬ್ಲೂ ಮಾಡಿದ ಕೋಲ್ಟ್‌ನಲ್ಲಿ ಮೋಡಬಣ್ಣ ಫ್ರೇಮಿಗೆ, ಹ್ಯಾಮರಿಗೆ ಮತ್ತು ಗುಂಡು ತುಂಬುವ ಪುಟ್ಟ ಬಾಗಿಲಿಗೆ ಮಾತ್ರ. ಹಿಡಿಯ ಬೆನ್ನುಪಟ್ಟಿ, ಟ್ರಿಗರ್ ಗಾರ್ಡು, ನಳಿಕೆ, ಸಿಲಿಂಡರ್ ಎಲ್ಲವೂ ನೀಲಿ. ಬೆನ್ನುಪಟ್ಟಿಗೂ ಮೋಡ ಹತ್ತಿಸಿದ್ದಾರೆಂದರೆ ಮಾಡಿಸಿದವರಿಗೆ ಕಾರ್ಖಾನೆಯ ರೂಢಿ ಗೊತ್ತಿರಲಿಲ್ಲ ಎಂದರ್ಥ.

ನೀಲಿಯಲ್ಲೂ ಹಲವು ಜಾತಿಗಳಿವೆ. ಒಂದು ತುಕ್ಕಿನ ನೀಲಿ. ಉಕ್ಕಿಗೆ ಆಮ್ಲದ್ರಾವಣ ಸವರಿ, ತೇವದ ಕೋಣೆಯಲ್ಲಿಟ್ಟು ಬೇಕೆಂದೇ ತುಕ್ಕು ಹಿಡಿಸಿ, ಆಮೇಲೆ ಕುದಿನೀರಲ್ಲಿ ಹಾಕುತ್ತಾರೆ. ಕೆಂಪು ತುಕ್ಕು ಕಪ್ಪು ಮ್ಯಾಗ್ನೆಟೈಟ್ ಆಗಿ ಬದಲಾಗುತ್ತದೆ. ಸಡಿಲ ಪುಡಿಯನ್ನು ಉಜ್ಜಿ ತೆಗೆದು ಮತ್ತೆ ತುಕ್ಕು, ಮತ್ತೆ ಕುದಿ. ಪೊರೆ ಒಪ್ಪವಾಗಿ ಕೂರುವ ತನಕ ಇದೇ ಕೆಲಸ. ಶತ್ರುವನ್ನೇ ಕಾವಲಿಗೆ ನಿಲ್ಲಿಸುವ ಈ ಉಪಾಯ ಲೋಹವಿದ್ಯೆಯಲ್ಲಿ ನನಗೆ ಅತಿ ಇಷ್ಟವಾದದ್ದು. ಕೋಲ್ಟ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಕಾರ್ಖಾನೆಗಳು ಹೆಚ್ಚಾಗಿ ಬಳಸಿದ್ದು ಕುಲುಮೆಯಲ್ಲಿ ಇದ್ದಿಲಿನ ನಡುವೆ ಕಾಯಿಸಿ ಬರಿಸುವ ನೀಲಿ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇದಕ್ಕೆ ಕಾರ್ಬೋನಿಯಾ ಎಂಬ ಎಣ್ಣೆಯೂ ಸೇರಿತು. ಬಂದ ಬಣ್ಣ ಆಳವಾದದ್ದು, ನೀರಿನೊಳಗಿನಿಂದ ನೋಡಿದಂಥದ್ದು. 1930ರ ದಶಕದ ನಂತರ ಎಲ್ಲೆಡೆ ಹಬ್ಬಿದ್ದು ಬಿಸಿ ಕ್ಷಾರದ ವಿಧಾನ: ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳನ್ನು ಕರಗಿಸಿದ ದ್ರಾವಣವನ್ನು 140 ಡಿಗ್ರಿಯ ಆಸುಪಾಸಿನಲ್ಲಿ ಕುದಿಸಿ ಬಿಡಿಭಾಗಗಳನ್ನು ಅದರಲ್ಲಿ ಮುಳುಗಿಸುವುದು. ಅರ್ಧಗಂಟೆಯ ಕೆಲಸ. ಸಿಕ್ಕುವುದು ನೀಲಿಗಿಂತ ಕಪ್ಪಿಗೆ ಹತ್ತಿರದ ಸಮಬಣ್ಣ, ದಪ್ಪ ಸುಮಾರು ಒಂದು ಮೈಕ್ರಾನ್. 1890ರಲ್ಲಿ ತಯಾರಾದ ರಿವಾಲ್ವರಿನ ಮೇಲೆ ಈ ಕಪ್ಪು ಕಂಡರೆ ಅದು ಕನಿಷ್ಠ ನಾಲ್ಕು ದಶಕ ತಡವಾಗಿ ಬಂದ ಬಣ್ಣ.

ಇನ್ನೊಂದು ಇದೆ, ಮೋಸಕ್ಕೆ ಹೆಚ್ಚು ಒದಗುವಂಥದ್ದು. ಬಾಟಲಿಯಲ್ಲಿ ಸಿಗುವ ತಣ್ಣನೆಯ ನೀಲಿ. ಸವೆದ ಅಂಚಿಗೆ ಹತ್ತಿಯಲ್ಲಿ ಸವರಿದರೆ ಕ್ಷಣದಲ್ಲಿ ಕಪ್ಪಾಗುತ್ತದೆ. ಆದರೆ ಇದು ಕಬ್ಬಿಣದ ಆಕ್ಸೈಡೇ ಅಲ್ಲ. ಸಾಮಾನ್ಯವಾಗಿ ತಾಮ್ರ ಮತ್ತು ಸೆಲೆನಿಯಂ ಸೇರಿದ ಲೇಪ. ಕಣ್ಣಿಗೆ ತಪ್ಪಿಸಿಕೊಂಡರೂ ಕ್ಷ-ಕಿರಣ ಪ್ರತಿದೀಪ್ತಿಯ ಉಪಕರಣಕ್ಕೆ ತಪ್ಪಿಸಿಕೊಳ್ಳಲಾರದು. ವಸ್ತುವನ್ನು ಗೀರದೆ, ಕೆರೆಯದೆ, ಮೇಲ್ಮೈಯಲ್ಲಿ ಯಾವ ಯಾವ ಮೂಲವಸ್ತು ಇದೆಯೆಂದು ಆ ಯಂತ್ರ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಉಕ್ಕಿನ ಅಂಚಿನಲ್ಲಿ ಸೆಲೆನಿಯಂ ಸಿಕ್ಕಿತೆಂದರೆ ಅಲ್ಲಿ ಬಾಟಲಿ ಕೆಲಸ ಮಾಡಿದೆ.

ಯಂತ್ರವಿಲ್ಲದವರಿಗೂ ಒಂದು ಭೂತಗನ್ನಡಿ ಇದ್ದರೆ ಸಾಕು, ಬಹಳಷ್ಟು ಗೊತ್ತಾಗುತ್ತದೆ. ತುಕ್ಕು ಕೊರೆದ ಸಣ್ಣ ಗುಳಿಯೊಂದನ್ನು ಹುಡುಕಿ ಅದರ ತಳವನ್ನು ನೋಡಿ. ಅಸಲಿ ಮೈಯ ಮೇಲೆ ತುಕ್ಕು ಹಿಡಿದಿದ್ದರೆ, ತುಕ್ಕು ನೀಲಿಯನ್ನು ತಿಂದೇ ಒಳಗಿಳಿದಿರುತ್ತದೆ. ಗುಳಿ ಕಂದಾಗಿರುತ್ತದೆ ಅಥವಾ ಬೂದಾಗಿರುತ್ತದೆ. ಗುಳಿಯ ತಳದಲ್ಲೂ ನುಣುಪಾದ ನೀಲಿ ಇದೆಯೆಂದರೆ ಗುಳಿ ಮೊದಲು, ನೀಲಿ ಆಮೇಲೆ. ಇದಕ್ಕಿಂತ ನೇರವಾದ ಸಾಕ್ಷಿ ಇನ್ನೊಂದಿಲ್ಲ.

ಮುಂದೆ ಅಕ್ಷರಗಳು. ಕಾರ್ಖಾನೆಯವರು ಹೆಸರು, ಪೇಟೆಂಟ್ ದಿನಾಂಕಗಳನ್ನು ಅಚ್ಚಿನಿಂದ ಒತ್ತುತ್ತಿದ್ದರು. ಅಚ್ಚಿನ ಏಣು ಚೂಪಾದ್ದರಿಂದ ಅಕ್ಷರದ ಗೋಡೆಯೂ ಚೂಪು. ಮರುಪಾಲಿಶ್ ಮಾಡುವವನು ಬಟ್ಟೆಯ ಗಾಲಿಗೆ ಹಿಡಿದ ಕೂಡಲೇ ಏಣುಗಳು ಮೊಂಡಾಗುತ್ತವೆ, ಅಕ್ಷರಗಳು ಒಂದು ಬದಿಗೆ ಎಳೆದಂತಾಗುತ್ತವೆ, ಸಣ್ಣ ಗೆರೆಗಳು ಮಾಯವಾಗುತ್ತವೆ. ಸ್ಕ್ರೂ ಕೂರುವ ತೂತಿನ ಬಾಯಿ ಎಲ್ಲಕ್ಕಿಂತ ಪ್ರಾಮಾಣಿಕ. ಮೆತ್ತನೆಯ ಗಾಲಿ ತೂತಿನೊಳಕ್ಕೆ ತುಸು ಇಳಿದು ಅಂಚನ್ನು ಬಟ್ಟಲಿನಂತೆ ಕೆರೆದುಬಿಡುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ಪಾಲಿಶ್‌ನವರು ತೊಗಲು ಸುತ್ತಿದ ಮರದ ಗಾಲಿಗಳನ್ನು ಆಯಾ ಬಾಗಿಗೆ ಒಪ್ಪುವಂತೆ ರೂಪಿಸಿಕೊಂಡಿರುತ್ತಿದ್ದರು. ಅವರ ಕೈಯಲ್ಲಿ ಸಮತಟ್ಟು ಸಮತಟ್ಟಾಗಿಯೇ ಉಳಿಯುತ್ತಿತ್ತು, ಏಣು ಏಣಾಗಿಯೇ. ದೀಪದ ಪ್ರತಿಬಿಂಬವನ್ನು ಫ್ರೇಮಿನ ಪಕ್ಕದ ಮೇಲೆ ನಿಧಾನವಾಗಿ ಹಾಯಿಸಿ ನೋಡಿ. ಅಸಲಿಯಲ್ಲಿ ಬಿಂಬ ನೇರವಾಗಿ ಸಾಗುತ್ತದೆ. ಮರುಪಾಲಿಶ್ ಆದದ್ದರಲ್ಲಿ ಅಲೆಯಲೆಯಾಗಿ ನಡುಗುತ್ತದೆ.

ನಿಕಲ್ ಲೇಪದ್ದು ಬೇರೆ ಕಥೆ. ಬಾಸ್ಟನ್ನಿನ ಐಸಾಕ್ ಆಡಮ್ಸ್ 1869ರಲ್ಲಿ ಪಡೆದ ಪೇಟೆಂಟಿನಿಂದ ನಿಕಲ್ ಲೇಪನ ಉದ್ಯಮವಾಗಿ ಬೆಳೆಯಿತು. ಬೆವರು, ಹೊಗೆ, ಕರಿಮದ್ದಿನ ಉಪ್ಪು ಇವುಗಳಿಗೆ ನೀಲಿಗಿಂತ ಹೆಚ್ಚು ತಾಳುತ್ತಿದ್ದ ಈ ಲೇಪ ರಿವಾಲ್ವರುಗಳಿಗೆ ಬೇಗ ಹತ್ತಿತು. ನಿಕಲ್ಲಿನ ಬಿಳುಪಿನಲ್ಲಿ ತುಸು ಹಳದಿಯ ಬೆಚ್ಚನೆ ಛಾಯೆ ಇರುತ್ತದೆ. 1920ರ ದಶಕದ ನಂತರದ ಕ್ರೋಮ್ ತಣ್ಣನೆಯ ನೀಲಿಬಿಳುಪು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಕ್ಕಳಿಗೂ ವ್ಯತ್ಯಾಸ ತಿಳಿಯುತ್ತದೆ. ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ಸ್ಮಿತ್ ಆ್ಯಂಡ್ ವೆಸನ್ ಕಾರ್ಖಾನೆಗೆ ಒಂದು ರೂಢಿ ಇತ್ತು: ನಿಕಲ್ ರಿವಾಲ್ವರಿನಲ್ಲೂ ಹ್ಯಾಮರು ಮತ್ತು ಟ್ರಿಗರುಗಳಿಗೆ ಸಾಮಾನ್ಯವಾಗಿ ನಿಕಲ್ ಹಾಕುತ್ತಿರಲಿಲ್ಲ, ಅವು ಗಟ್ಟಿಗೊಳಿಸಿದ ಮೋಡಬಣ್ಣದಲ್ಲೇ ಇರುತ್ತಿದ್ದವು. ನಳಿಕೆ ಕೆಳಕ್ಕೆ ಬಾಗಿ ತೆರೆಯುವ ಹಳೆಯ ಮಾದರಿಗಳಲ್ಲಿ ಟ್ರಿಗರ್ ಗಾರ್ಡು ನೀಲಿ. ಊರಿನ ಲೇಪನದಂಗಡಿಯವನಿಗೆ ಇದು ಹೇಗೆ ಗೊತ್ತಾಗಬೇಕು? ಅವನು ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಮುಳುಗಿಸಿದ. ಹೊಳೆಯುವ ಹ್ಯಾಮರು ಕಂಡ ಕೂಡಲೇ ಅನುಭವಿಗಳ ಹುಬ್ಬು ಮೇಲೇರುವುದು ಅದಕ್ಕೇ. ಲೇಪ ಚಕ್ಕೆಯೆದ್ದ ಕಡೆ ಅಂಚಿನಲ್ಲಿ ತಾಮ್ರದ ಕೆಂಪು ಇಣುಕಿದರೂ ಅನುಮಾನ ಗಟ್ಟಿಯಾಗುತ್ತದೆ, ಏಕೆಂದರೆ ಅಡಿಗೆ ತಾಮ್ರದ ಪದರ ಹಾಕಿ ಮೇಲೆ ನಿಕಲ್ ಹಾಕುವುದು ಮರುಲೇಪನದವರ ಪದ್ಧತಿ. ಅಮೋನಿಯಾ ಇರುವ ದ್ರವದಿಂದ ಅಂಥದನ್ನು ತೊಳೆದರೆ ತಾಮ್ರ ಕರಗಿ ನಿಕಲ್ ಸಿಪ್ಪೆಯಾಗಿ ಏಳುತ್ತದೆ.

ಇನ್ನು ಹಿಡಿ. ಕಳಚುವುದು ಸುಲಭವಾದ್ದರಿಂದ ರಿವಾಲ್ವರಿನಲ್ಲಿ ಅತಿ ಹೆಚ್ಚು ಬದಲಾಗುವುದು ಇದೇ. ಆದರೆ ಕಾರ್ಖಾನೆಯಲ್ಲಿ ಹಿಡಿಯನ್ನು ಆಯಾ ಫ್ರೇಮಿಗೇ ಕೂರಿಸಿ, ಎರಡನ್ನೂ ಒಟ್ಟಿಗೆ ತೀಡುತ್ತಿದ್ದರು. ಸ್ಮಿತ್ ಆ್ಯಂಡ್ ವೆಸನ್‌ನವರು ಬಲಗಡೆಯ ಹಿಡಿಯ ಒಳಮೈಯಲ್ಲಿ ರಿವಾಲ್ವರಿನ ಸೀರಿಯಲ್ ನಂಬರನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು ಅಥವಾ ಒತ್ತುತ್ತಿದ್ದರು. ಕೋಲ್ಟ್‌ನ ಇಡೀ ಅಕ್ರೋಟು ಮರದ ಹಿಡಿಯಲ್ಲಿ ಬೆನ್ನುಪಟ್ಟಿ ಕೂರುವ ಕಾಲುವೆಯೊಳಗೆ ನಂಬರು ಇರುತ್ತಿತ್ತು. ಅಂಗೈಯ ಎಣ್ಣೆಬೆವರಿಗೆ ಪೆನ್ಸಿಲ್ ಗೆರೆ ಮಸುಕಾಗಿದ್ದರೂ ಓರೆಬೆಳಕಲ್ಲಿ ಎದ್ದು ಬರುವುದುಂಟು.

ಲೋಹ ಮತ್ತು ಮರ ಸೇರುವ ಗೆರೆಯ ಮೇಲೆ ಉಗುರು ಎಳೆದು ನೋಡುವುದು ನಾನು ಎಲ್ಲರಿಗೂ ಹೇಳುವ ಪರೀಕ್ಷೆ. ಒಟ್ಟಿಗೆ ತೀಡಿದ ಜೋಡಿಯಲ್ಲಿ ಉಗುರು ಎಡವುವುದಿಲ್ಲ, ಇಲ್ಲವೇ ನೂರು ವರ್ಷದಲ್ಲಿ ಒಣಗಿ ಕುಗ್ಗಿದ ಮರ ಲೋಹಕ್ಕಿಂತ ಒಂದು ಕೂದಲಷ್ಟು ತಗ್ಗಿರುತ್ತದೆ. ಮರವೇ ಲೋಹಕ್ಕಿಂತ ಎದ್ದು ನಿಂತಿದ್ದರೆ? ಮರ ಬೆಳೆಯುವುದಿಲ್ಲ, ಲೋಹ ಕರಗಿದೆ. ಹಿಡಿ ಬಿಚ್ಚಿಟ್ಟು ಫ್ರೇಮನ್ನು ಗಾಲಿಗೆ ಹಿಡಿದವರು ತಮಗರಿವಿಲ್ಲದೆ ಬಿಟ್ಟುಹೋದ ಗುರುತು ಅದು. ಹಿಡಿ ತೆಗೆದ ಮೇಲೆ ಅಡಿಯ ಲೋಹವನ್ನೂ ನೋಡಬೇಕು. ಹಿಡಿಯ ಅಂಚಿನ ಉದ್ದಕ್ಕೂ ತೇವ ನಿಂತು ಸಣ್ಣ ತುಕ್ಕುಗೆರೆ ಬಿದ್ದಿರುತ್ತದೆ. ಆ ಗೆರೆಯ ಆಕಾರ ಈಗಿನ ಹಿಡಿಯ ಆಕಾರಕ್ಕೆ ಹೊಂದದಿದ್ದರೆ, ಅಲ್ಲಿ ಬಹುಕಾಲ ಬೇರೊಂದು ಹಿಡಿ ಇತ್ತು.

1880ರ ದಶಕದಿಂದ ಕೋಲ್ಟ್ ಗಟ್ಟಿ ರಬ್ಬರಿನ ಹಿಡಿಗಳನ್ನು ಹಾಕತೊಡಗಿತು, ಮೊದಲ ವರ್ಷಗಳವುಗಳಲ್ಲಿ ಹದ್ದಿನ ಚಿತ್ರವಿತ್ತು. ರಬ್ಬರಿಗೆ ಮೂರರಲ್ಲೊಂದು ಪಾಲಿನಷ್ಟು ಗಂಧಕ ಬೆರೆಸಿ ಬೇಯಿಸಿದರೆ ಕಪ್ಪಗೆ, ಕೊಂಬಿನಷ್ಟು ಗಟ್ಟಿಯಾದ ವಲ್ಕನೈಟ್ ಸಿಗುತ್ತದೆ. ಬೆಳಕು ಬಿದ್ದಂತೆಲ್ಲ ಮೇಲ್ಮೈಯ ಗಂಧಕ ಆಕ್ಸಿಡೀಕರಣಗೊಂಡು ಕಪ್ಪು ಚಾಕೊಲೇಟು ಕಂದಿಗೆ ತಿರುಗುತ್ತದೆ. ಬೆಳಕು ಕಾಣದ ಒಳಮೈ ಕಪ್ಪಾಗಿಯೇ ಉಳಿಯುತ್ತದೆ. ಹೊರಗೆ ಕಂದು ಒಳಗೆ ಕಪ್ಪು, ಬೆರಳಿನಿಂದ ಬಿರುಸಾಗಿ ಉಜ್ಜಿದರೆ ಗಂಧಕದ ಸಣ್ಣ ವಾಸನೆ, ಇವಿಷ್ಟೂ ಇದ್ದರೆ ಹಳೆಯದು. ಇಂದಿನ ರೆಸಿನ್ ನಕಲಿಗಳು ಒಳಗೂ ಹೊರಗೂ ಒಂದೇ ಬಣ್ಣ, ಹಿಂಬದಿಯಲ್ಲಿ ಗಾಳಿಗುಳ್ಳೆಯ ಚುಕ್ಕೆಗಳು.

ದಂತದ ಹಿಡಿಗಳಲ್ಲಿ ಮೋಸ ಹೆಚ್ಚು, ವಿಜ್ಞಾನವೂ ಹೆಚ್ಚು. ಆನೆಯ ದಂತವನ್ನು ಅಡ್ಡಕ್ಕೆ ಕೊಯ್ದಾಗ ಒಂದನ್ನೊಂದು ಹಾಯುವ ಕಮಾನಿನಂಥ ಸೂಕ್ಷ್ಮ ಗೆರೆಗಳು ಕಾಣುತ್ತವೆ. ಶ್ರೇಗರ್ ರೇಖೆಗಳೆಂದು ಹೆಸರು. ದಂತದ ಹೊರಪದರದಲ್ಲಿ ಅವು ಕೂಡುವ ಕೋನ ಇಂದಿನ ಆನೆಗಳಲ್ಲಿ ಸರಾಸರಿ 100 ಡಿಗ್ರಿ ಮೀರುತ್ತದೆ, ಅಳಿದುಹೋದ ಮ್ಯಾಮತ್‌ಗಳಲ್ಲಿ 100ಕ್ಕಿಂತ ಕಡಿಮೆ. ಹಿಡಿಯನ್ನು ಉದ್ದಕ್ಕೆ ಕೊಯ್ದಿರುತ್ತಾರಾದ್ದರಿಂದ ಪಕ್ಕದಲ್ಲಿ ಹುಡುಕಿ ಫಲವಿಲ್ಲ, ಬುಡದ ತುದಿಯಲ್ಲಿ ನೋಡಬೇಕು. ಮೂಳೆಯಾದರೆ ರಕ್ತನಾಳ ಹರಿದಿದ್ದ ಜಾಗಗಳು ಕಪ್ಪು ಚುಕ್ಕೆ, ಗೀಟುಗಳಾಗಿ ಉಳಿದಿರುತ್ತವೆ. 1870ರ ಹೊತ್ತಿಗೆ ಬಂದ ಸೆಲ್ಯುಲಾಯ್ಡಿನಲ್ಲಿ ದಂತದ ಗೆರೆಗಳನ್ನು ಅನುಕರಿಸಿದರೂ ಅವು ಕಾಪಿಪುಸ್ತಕದ ಗೆರೆಗಳಷ್ಟು ನೇರ. ಕಾದ ಸೂಜಿ ಚುಚ್ಚಿ ನೋಡುವ ಹಳೆಯ ಪರೀಕ್ಷೆಯನ್ನು ದಯವಿಟ್ಟು ಯಾರೂ ಮಾಡಬೇಡಿ. ದಂತಕ್ಕೆ ಕಲೆ ಬೀಳುತ್ತದೆ, ಸೆಲ್ಯುಲಾಯ್ಡಾದರೆ ಹೊತ್ತಿಕೊಳ್ಳುತ್ತದೆ. ಹಳೆಯ ಸೆಲ್ಯುಲಾಯ್ಡ್ ಕೊಳೆಯುವಾಗ ಸಾರಜನಕದ ಆಮ್ಲೀಯ ಅನಿಲ ಬಿಡುವುದರಿಂದ ಪಕ್ಕದ ಉಕ್ಕಿಗೂ ತುಕ್ಕು ಹತ್ತುತ್ತದೆ. ಬೇರೆಡೆ ಹಸನಾಗಿರುವ ರಿವಾಲ್ವರಿನಲ್ಲಿ ಹಿಡಿಯ ಸುತ್ತ ಮಾತ್ರ ತುಕ್ಕಿದ್ದರೆ ಇದನ್ನು ನೆನೆಯಬೇಕು.

ಮುಂದೆ ಅಮೆರಿಕದ ಸೇನೆಯ ಜನರಲ್ ಆದ ಜಾರ್ಜ್ ಪ್ಯಾಟನ್ 1916ರಲ್ಲಿ ಕೊಂಡ ಕೆತ್ತನೆಯ ಕೋಲ್ಟ್‌ನ ಹಿಡಿ ದಂತದ್ದು. ಪತ್ರಿಕೆಗಳು ಅದನ್ನು ಮುತ್ತಿನ ಚಿಪ್ಪು ಎಂದು ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ನೋಡಲು ಬಂದವರು ಹಿಡಿಯನ್ನು ತುಸು ಓರೆ ಮಾಡಿದ್ದರೆ ಸಾಕಿತ್ತು. ಮುತ್ತಿನ ಚಿಪ್ಪಿನಲ್ಲಿ ಅರ್ಧ ಮೈಕ್ರಾನ್ ದಪ್ಪದ ಅರಗೊನೈಟ್ ಹಲಗೆಗಳು ಸಾಲುಸಾಲಾಗಿ ಪೇರಿಸಿರುತ್ತವೆ, ಆ ದಪ್ಪ ಬೆಳಕಿನ ಅಲೆಯುದ್ದಕ್ಕೆ ಹತ್ತಿರವಾದ್ದರಿಂದ ನೋಟದ ಕೋನ ಬದಲಾದಂತೆ ಗುಲಾಬಿ, ಹಸಿರು ಓಡಾಡುತ್ತವೆ. ಸ್ಕ್ರೂವಿನ ನೀಲಿಗೂ ಚಿಪ್ಪಿನ ಗುಲಾಬಿಗೂ ಕಾರಣ ಒಂದೇ ಬಗೆಯದು. ದಂತದಲ್ಲಿ ಈ ಆಟವಿಲ್ಲ. ಅಂದಹಾಗೆ ಭಾರತದಲ್ಲಿ 1986ರ ತಿದ್ದುಪಡಿಯಿಂದ ಭಾರತೀಯ ಆನೆದಂತದ, 1991ರಿಂದ ಆಫ್ರಿಕಾದ ದಂತದ ವ್ಯಾಪಾರವೂ ನಿಷಿದ್ಧ. ಅದು ಆಗಲೇಬೇಕಿದ್ದ ಕೆಲಸ.

ಅಮೆರಿಕದ ಹಿಡಿಗಳಲ್ಲಿ ನಮ್ಮ ಕಾಡೂ ಇದೆ. 'ಸ್ಟ್ಯಾಗ್' ಎಂದು ಹೆಸರಾದ ಒರಟು ಕಂದು ತೊಗಟೆಯ ಹಿಡಿಗಳಿಗೆ ಹೆಚ್ಚಾಗಿ ಬಳಕೆಯಾದದ್ದು ಭಾರತದ ಕಡವೆಯ ಕೊಂಬು. ಬಂಡೀಪುರ, ನಾಗರಹೊಳೆಗಳಲ್ಲಿ ನಾವು ನೋಡುವ ಅದೇ ಪ್ರಾಣಿ. ಬೇರೆ ಜಿಂಕೆಗಳ ಕೊಂಬಿನೊಳಗೆ ಸ್ಪಂಜಿನಂಥ ಭಾಗ ಹೆಚ್ಚು. ಕಡವೆಯ ಕೊಂಬಿಗೆ ಗಟ್ಟಿ ಹೊರಪದರ ದಪ್ಪ, ಆದ್ದರಿಂದ ಕೆತ್ತನೆಗೆ ಒಗ್ಗುತ್ತದೆ. ಆಮೇಲೆ ಭಾರತ ರಫ್ತನ್ನು ನಿಲ್ಲಿಸಿತು, ಈಗ ಸಿಗುವ ಹೊಸ 'ಸ್ಟ್ಯಾಗ್' ಹಿಡಿಗಳಲ್ಲಿ ಬಹಳಷ್ಟು ಬಣ್ಣ ಕುಡಿಸಿದ ದನದ ಮೂಳೆ ಅಥವಾ ಪ್ಲಾಸ್ಟಿಕ್. ಹಿಂಬದಿಯಲ್ಲಿ ಸೂಕ್ಷ್ಮ ರಂಧ್ರಗಳ ತಿರುಳು ಕಂಡರೆ ಕೊಂಬು. ಎರಡೂ ಬದಿಯ ತೊಗಟೆಯ ಗೀರುಗಳು ಪಡಿಯಚ್ಚಿನಂತೆ ಹೊಂದಿದರೆ ಪ್ಲಾಸ್ಟಿಕ್, ಏಕೆಂದರೆ ಯಾವ ಕೊಂಬೂ ಹಾಗೆ ಬೆಳೆಯುವುದಿಲ್ಲ.

ಕಾಗದಪತ್ರಗಳೂ ಇವೆ. ಕೋಲ್ಟ್ ಮತ್ತು ಸ್ಮಿತ್ ಆ್ಯಂಡ್ ವೆಸನ್‌ನ ಹಳೆಯ ದಾಖಲೆಗಳ ಆಧಾರದ ಮೇಲೆ, ಶುಲ್ಕ ಕೊಟ್ಟರೆ, ಇಂಥ ನಂಬರಿನ ರಿವಾಲ್ವರ್ ಯಾವ ದಿನ, ಯಾರಿಗೆ, ಯಾವ ಮೇಲ್ಮೈಯೊಂದಿಗೆ ಹೊರಟಿತು ಎಂದು ಪತ್ರ ಬರೆದುಕೊಡುವ ವ್ಯವಸ್ಥೆ ಇದೆ. ಪತ್ರದಲ್ಲಿ ನಿಕಲ್ ಎಂದಿದ್ದು ಕೈಯಲ್ಲಿರುವುದು ನೀಲಿಯಾದರೆ ಚರ್ಚೆಯೇ ಬೇಡ. ಆದರೆ ಪತ್ರ ಹೇಳುವುದು ವಸ್ತು ಹೊರಟ ದಿನದ ಮಾತನ್ನು ಮಾತ್ರ. ನೀಲಿಯಾಗಿ ಹೊರಟು, ಸವೆದು, ಮತ್ತೆ ನೀಲಿ ಬಳಿಸಿಕೊಂಡದ್ದು ಅದಕ್ಕೆ ತಿಳಿಯದು. ಆಗ ಮತ್ತೆ ಗುಳಿಯ ತಳ, ಸ್ಕ್ರೂ ತೂತಿನ ಬಾಯಿಗಳ ಬಳಿಗೇ ಹೋಗಬೇಕು.

ಮರುಮೆರುಗೆಲ್ಲವೂ ಕೇಡೆಂದು ತೀರ್ಪು ಕೊಡುವುದೂ ಅವಸರ. ಸ್ಮಿತ್ ಆ್ಯಂಡ್ ವೆಸನ್‌ಗೆ ರಿವಾಲ್ವರನ್ನು ಮರಳಿ ಕಳಿಸಿದರೆ ಕಾರ್ಖಾನೆಯೇ ಹೊಸ ಮೆರುಗು ಕೊಡುತ್ತಿತ್ತು, ಹಾಗೆ ಮಾಡಿದ್ದಕ್ಕೆ ಹಿಡಿಯ ಬುಡದಲ್ಲಿ ನಂಬರಿನ ಪಕ್ಕ ನಕ್ಷತ್ರವನ್ನೋ ಹಿಡಿಯ ಅಡಿಯ ಲೋಹದಲ್ಲಿ ತಿಂಗಳು, ವರ್ಷವನ್ನೋ ಒತ್ತುತ್ತಿತ್ತು. ಬಚ್ಚಿಡದೆ ಒಪ್ಪಿಕೊಂಡ ಬದಲಾವಣೆಯನ್ನು ನಾನು ಗೌರವಿಸುತ್ತೇನೆ. ಅದೂ ಆ ವಸ್ತುವಿನ ಬಾಳಿನ ಒಂದು ಪುಟ. ಕೋಲ್ಟ್‌ನ ಫಿರಂಗಿದಳದ ಮಾದರಿಗಳಲ್ಲಂತೂ ಭಾಗಗಳು ತಾಳೆಯಾಗಬೇಕೆಂಬ ಸೂತ್ರವೇ ತಲೆಕೆಳಗಾಗುತ್ತದೆ. 1890ರ ದಶಕದ ನಡುವಿನಿಂದ ಅಮೆರಿಕದ ಸೇನೆ ತನ್ನ ಹಳೆಯ ಅಶ್ವದಳದ ಕೋಲ್ಟ್‌ಗಳನ್ನು ವಾಪಸು ತರಿಸಿ, ಏಳೂವರೆ ಅಂಗುಲದ ನಳಿಕೆಗಳನ್ನು ಐದೂವರೆಗೆ ಕತ್ತರಿಸಿ, ಬಿಡಿಭಾಗಗಳನ್ನು ಒಟ್ಟಿಗೆ ರಾಶಿ ಹಾಕಿ, ಮೆರುಗು ಕೊಟ್ಟು, ಕೈಗೆ ಸಿಕ್ಕಿದ್ದನ್ನು ಜೋಡಿಸಿ ಮತ್ತೆ ಹಂಚಿತು. ಫ್ರೇಮಿಗೊಂದು ನಂಬರು, ಬೆನ್ನುಪಟ್ಟಿಗೊಂದು, ಟ್ರಿಗರ್ ಗಾರ್ಡಿಗೆ ಇನ್ನೊಂದು. ಬೇರೆ ಕೋಲ್ಟ್‌ಗಳಲ್ಲಿ ನಂಬರುಗಳು ಹೊಂದದಿದ್ದರೆ ಅನುಮಾನ ಬರುತ್ತದೆ. ಐದೂವರೆ ಅಂಗುಲಕ್ಕೆ ಕತ್ತರಿಸಿದ ಸೇನೆಯ ಕೋಲ್ಟ್‌ನಲ್ಲಿ ಎಲ್ಲ ನಂಬರುಗಳೂ ಚೊಕ್ಕವಾಗಿ ಹೊಂದಿಕೊಂಡಿದ್ದರೆ, ಆಗಲೇ ಭೂತಗನ್ನಡಿ ತೆಗೆದು ಒಂದೊಂದು ಅಂಕಿಯ ಅಂಚನ್ನೂ ನೋಡಬೇಕಾದದ್ದು.